ಮೊದಲು ಸಿರಪ್ಪು, ಆಮೇಲೆ ಬ್ರಷ್ಷು

ಶಿರಸಿ ಕಡೆಯ ಒಂದು ಮನೆ, ಜುಲೈ ತಿಂಗಳ ಮಳೆ. ಮನೆಯ ಸೊಸೆಗೂ ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರಾಗಿರುವ ನಾದಿನಿಗೂ ನಡೆದ ಮಾತು. ನಡುನಡುವೆ ಬಾಯಿ ಹಾಕುವವರು ಅತ್ತೆ.

— ಹುಡುಗನಿಗೆ ಒಂದು ತುತ್ತು ಗಂಜಿ ನುಂಗೋದೇ ಕಷ್ಟ ಆಗಿದೆ. ಜ್ವರದಲ್ಲಿ ಬಿದ್ದವನನ್ನ ಎಬ್ಬಿಸಿ ಹಲ್ಲುಜ್ಜಿಸು ಅಂತೀಯಲ್ಲ, ನಿನಗೆ ಕರುಣೆ ಇಲ್ವಾ ಮಾರಾಯ್ತಿ? ಹುಷಾರಾದ ಮೇಲೆ ನಾಲ್ಕು ಸಲ ಜಾಸ್ತಿ ಉಜ್ಜಿಸಿದರಾಯ್ತು.

— ಹಲ್ಲಿನ ಹತ್ತಿರ ಆ ತರ ಬಾಕಿ ಇಟ್ಟು ತೀರಿಸೋಕೆ ಬರೋದಿಲ್ಲ ಅತ್ತಿಗೆ. ಚೆನ್ನಾಗಿರುವ ದಿನ ಒಂದು ರಾತ್ರಿ ತಪ್ಪಿಸಿದರೆ ನಾನು ಸುಮ್ಮನಿರ್ತೇನೆ. ಶೀತ ಜ್ವರದ ದಿನಗಳಲ್ಲಿ ಮಾತ್ರ ತಪ್ಪಿಸಬಾರದು. ಅವನ ದಿಂಬಿನ ಪಕ್ಕದಲ್ಲಿರೋ ಆ ಬಾಟಲಿ ಕೊಡು ಇಲ್ಲಿ.

— ಕೆಮ್ಮಿನ ಔಷಧಿ ಅದು. ಪೇಟೆ ಡಾಕ್ಟರೇ ಬರೆದುಕೊಟ್ಟಿದ್ದು.

— ಔಷಧಿ ತಪ್ಪು ಅಂತ ಹೇಳ್ತಾ ಇಲ್ಲ. ಲೇಬಲ್ ನೋಡು, ಇಲ್ಲಿ ಕೆಳಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ‘ಫ್ಲೇವರ್ಡ್ ಸಿರಪ್ ಬೇಸ್’. ಸಿರಪ್ ಅಂದರೆ ಪಾಕ. ಔಷಧಿ ಬೆರೆಸುವ ಸಾದಾ ಪಾಕಕ್ಕೆ ಫಾರ್ಮಕೋಪಿಯಾದಲ್ಲೇ ಅಳತೆ ಇದೆ, 100 ಗ್ರಾಂ ಪಾಕಕ್ಕೆ 66.7 ಗ್ರಾಂ ಸಕ್ಕರೆ. ಈ ಬಾಟಲಿಯಲ್ಲಿ ಅಷ್ಟೇ ಇದೆ ಅಂತಲ್ಲ, ಬರೆದಿದ್ದರೆ ತಾನೆ ಗೊತ್ತಾಗೋದು! ಆದರೆ ಮುಚ್ಚಳದ ಸುತ್ತ ಗಟ್ಟಿಯಾಗಿ ಹರಳುಗಟ್ಟಿರೋದನ್ನ ಮುಟ್ಟಿ ನೋಡು, ಬೆರಳಿಗೆ ಅಂಟುತ್ತೆ. ಅದೇ ಅವನ ಹಲ್ಲಿಗೂ ಅಂಟಿಕೊಂಡು ಕೂತಿರುತ್ತೆ. ನೀನು ಇದನ್ನ ಕೊಡೋದು ಯಾವಾಗ?

— ಮಲಗೋ ಹೊತ್ತಿಗೆ. ಎಲ್ಲ ಮುಗಿದ ಮೇಲೆ, ಲೈಟ್ ಆರಿಸೋಕೆ ಮುಂಚೆ.

— ನಾನು ಹಿಡಿದುಕೊಂಡಿರೋದು ಅದೊಂದೇ ವಿಷಯವನ್ನ. ಲೈಟ್ ಆರಿಸೋಕೆ ಮುಂಚೆ ಕೊಟ್ಟರೆ ಆ ಸಿಹಿ ಬೆಳಗಿನವರೆಗೂ ಬಾಯಲ್ಲೇ. ಹಗಲಾದರೆ ಜೊಲ್ಲು ಅದನ್ನ ತೊಳೆದುಬಿಡುತ್ತೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಊರುತ್ತೆ ನಮಗೆ. ಅದರಲ್ಲಿ ಆಮ್ಲವನ್ನ ಸಪ್ಪೆ ಮಾಡೋ ಬೈಕಾರ್ಬನೇಟ್ ಇದೆ, ಎನಾಮಲ್‌ನಿಂದ ಕರಗಿದ್ದನ್ನ ವಾಪಸ್ ತುಂಬೋಕೆ ಕ್ಯಾಲ್ಸಿಯಂ, ಫಾಸ್ಫೇಟ್ ಇದೆ. ನಿದ್ದೆಯಲ್ಲಿ ಇದು ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಇನ್ನು ಮೂಗು ಕಟ್ಟಿ ಬಾಯಲ್ಲಿ ಉಸಿರಾಡೋ ಮಗುವಿಗೆ, ಇದ್ದ ನಾಲ್ಕು ಹನಿಯೂ ಆರಿಹೋಗುತ್ತೆ.

— ಹಾಗಾದರೆ ಔಷಧಿ ಬೇಡವಾ?

— ಬೇಕು, ಸರದಿ ಬದಲಾಯಿಸು ಅಷ್ಟೇ. ಊಟ ಆದ ಕೂಡಲೇ ಸಿರಪ್ಪು ಕೊಡು. ಒಂದು ಕಥೆ ಹೇಳು, ಆಮೇಲೆ ಬ್ರಷ್ಷು. ಬ್ರಷ್ ಆದ ಮೇಲೆ ನೀರು ಬಿಟ್ಟು ಮತ್ತೇನೂ ಇಲ್ಲ.

— ಕೆಮ್ಮಿನ ಔಷಧಿ ಕುಡಿದ ಮೇಲೆ ನೀರು ಕುಡಿಯಬಾರದು, ಗಂಟಲಿನಲ್ಲಿ ಔಷಧಿ ನಿಲ್ಲಬೇಕು ಅಂತಾರಲ್ಲ?

— ಕಾಲು ಗಂಟೆ ನಿಲ್ಲಲಿ ಬಿಡು, ಯಾರು ಬೇಡ ಅಂದರು? ಆ ಕಥೆ ಅದಕ್ಕೇ. ನಡುರಾತ್ರಿ ಜ್ವರ ಏರಿ ಪ್ಯಾರಾಸಿಟಮಾಲ್ ಕೊಡಬೇಕಾಗಿ ಬಂತು ಅನ್ನು. ಆಗ ಎಬ್ಬಿಸಿ ಉಜ್ಜಿಸೋಕೆ ನಾನೂ ಹೇಳೋದಿಲ್ಲ. ಎರಡು ಗುಟುಕು ನೀರು ಕುಡಿಸು, ಒದ್ದೆ ಬಟ್ಟೆಯನ್ನ ಬೆರಳಿಗೆ ಸುತ್ತಿ ಹಲ್ಲಿನ ಮೇಲೆ ಒಮ್ಮೆ ಎಳೆದುಬಿಡು. ಸಾಕು.

— ಸಕ್ಕರೆ ಇಲ್ಲದ ಸಿರಪ್ಪೂ ಬರುತ್ತೆ ಅಂತ ಅಂಗಡಿಯವನು ಹೇಳಿದ.

— ಬರುತ್ತೆ, ಸಿಕ್ಕಿದರೆ ಅದೇ ವಾಸಿ. ಅದರಲ್ಲೂ ಕೆಲವಕ್ಕೆ ರುಚಿಗೆ ಸಿಟ್ರಿಕ್ ಆಮ್ಲ ಹಾಕಿರ್ತಾರೆ, ಅದರಿಂದ ಸರದಿ ಮಾತ್ರ ಅದೇ ಇರಲಿ. ಇರಲಿ, ಒಂದು ಕೇಳ್ತೇನೆ. ಚಿಕ್ಕವಳಿಗೂ ಇದೇ ಬಾಟಲಿಯಿಂದ ಕೊಡ್ತಾ ಇದ್ದೀಯಾ?

— ಅರ್ಧ ಚಮಚ. ಅವಳಿಗೂ ಕೆಮ್ಮು ಅಲ್ವಾ.

— ಬೇಡ. ಇದು ಹಲ್ಲಿನ ಮಾತಲ್ಲ, ಆದರೂ ಹೇಳ್ತೇನೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸ್ಪಷ್ಟವಾಗಿ ಬರೆದಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೂಬಾರದು, ಕೊಡಲೂಬಾರದು, ಐದರ ಕೆಳಗಿನವರಿಗೆ ಸಾಮಾನ್ಯವಾಗಿ ಬೇಡ. ಅವಳಿಗೆ ಇನ್ನೂ ಎರಡು ತುಂಬಿಲ್ಲ. ಅಣ್ಣನಿಗೆ ಬರೆದ ಔಷಧಿಯಲ್ಲಿ ತಂಗಿಗೆ ಪಾಲು ಮಾಡೋದು ಈ ಮನೆಯಲ್ಲಿ ಇವತ್ತಿಗೆ ನಿಲ್ಲಲಿ.

— ಅದಕ್ಕೇ ನಾನು ಹೇಳಿದ್ದು, ಕಷಾಯ ಮಾಡಿಕೊಡಿ ಅಂತ! ನಮ್ಮ ಕಾಲದಲ್ಲಿ ಯಾವ ಸಿರಪ್ಪು ಇತ್ತು?

— ಬಂದರು ನೋಡು ನಿನ್ನ ಅಮ್ಮ. ಈಗ ಅವರಿಗೆ ಉತ್ತರ ಕೊಡು.

— ಅಮ್ಮ, ನಿನ್ನ ಕಷಾಯಕ್ಕೆ ನಾನು ವೈರಿ ಅಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಶುಂಠಿ, ಯಾವುದೂ ಹಲ್ಲಿಗೆ ತೊಂದರೆ ಮಾಡೋದಲ್ಲ. ಅದಕ್ಕೆ ನೀನು ಹಾಕೋ ಬೆಲ್ಲದ ಅಚ್ಚು ಮಾತ್ರ ಹಲ್ಲಿನ ಪಾಲಿಗೆ ಸಕ್ಕರೆಯೇ.

— ಬೆಲ್ಲ ಸಕ್ಕರೆ ಹೇಗೆ ಆಗುತ್ತೆ? ಬೆಲ್ಲದಲ್ಲಿ ಕಬ್ಬಿಣ ಇದೆ.

— ಇರಬಹುದು. ಬಾಯಿಯ ಬ್ಯಾಕ್ಟೀರಿಯಾ ಕಬ್ಬಿಣ ಹುಡುಕಿಕೊಂಡು ಬರೋದಿಲ್ಲವಲ್ಲ, ಅದಕ್ಕೆ ಬೇಕಾದದ್ದು ಸಿಹಿ. ಸಿಹಿಯನ್ನ ಆಮ್ಲ ಮಾಡುತ್ತೆ. ಪಿಎಚ್ 5.5ರ ಆಸುಪಾಸಿಗಿಂತ ಕೆಳಗೆ ಇಳಿಯಿತು ಅಂದರೆ ಎನಾಮಲ್ ಕರಗೋಕೆ ಶುರು. 1940ರ ದಶಕದಲ್ಲಿ ಅಮೆರಿಕದಲ್ಲಿ ರಾಬರ್ಟ್ ಸ್ಟೀಫನ್ ಅನ್ನೋರು ಇದನ್ನ ಹಲ್ಲಿನ ಪಾಚಿಯಲ್ಲೇ ಅಳೆದು ತೋರಿಸಿದರು. ಸಿಹಿ ಮುಟ್ಟಿದ ಕೆಲವೇ ನಿಮಿಷದಲ್ಲಿ ಆಮ್ಲ ಏರುತ್ತೆ, ಮೊದಲಿನ ಸ್ಥಿತಿಗೆ ಬರೋಕೆ ಅರ್ಧ ಗಂಟೆ, ಒಂದು ಗಂಟೆ ಬೇಕು. ಈಗ ನೀನೇ ಯೋಚನೆ ಮಾಡು. ಲೋಟ ಕಷಾಯವನ್ನ ಒಂದೇ ಸಲ ಕುಡಿದು ಮುಗಿಸಿದರೆ ಒಂದು ಸಲದ ಆಮ್ಲ. ಫ್ಲಾಸ್ಕಿಗೆ ತುಂಬಿ ಮಂಚದ ಪಕ್ಕ ಇಟ್ಟುಕೊಂಡು ಗಂಟೆಗಟ್ಟಲೆ ಗುಟುಕರಿಸ್ತಾ ಕೂತರೆ ಹಲ್ಲಿಗೆ ಚೇತರಿಸಿಕೊಳ್ಳೋಕೆ ಸಮಯವೇ ಇಲ್ಲ.

— ಗಂಟಲಿಗೆ ಹಿತ ಅಲ್ವಾ ಅದು?

— ಹಿತವೇ. ಬಿಸಿನೀರು ಗುಟುಕರಿಸು, ಅದೇ ಹಿತ. ಇಲ್ಲಾ ಬೆಲ್ಲ ಇಲ್ಲದ ಕಷಾಯ ಕುಡಿ.

— ಅದನ್ನ ಯಾರು ಕುಡೀತಾರೆ!

— ಗಂಟಲ ಗುಳಿಗೆಯದೂ ಇದೇ ಕಥೆ ಅತ್ತಿಗೆ. ಅಣ್ಣ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ದಿನವಿಡೀ ಒಂದಾದ ಮೇಲೊಂದು ಚೀಪ್ತಾನಲ್ಲ. ಅಗಿದು ನುಂಗಿದರೆ ಬೇಗ ಮುಗಿಯುತ್ತೆ, ಚೀಪೋದೇ ಅದರ ಉದ್ದೇಶ, ತೊಂದರೆಯೂ ಅಲ್ಲೇ. ಎಷ್ಟು ಸಿಹಿ ಅನ್ನೋದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಅನ್ನೋದೇ ಹಲ್ಲಿಗೆ ಮುಖ್ಯ ಅಂತ ಗೊತ್ತಾದದ್ದು ಸ್ವೀಡನ್ನಿನಲ್ಲಿ. ಲುಂಡ್ ಊರಿನ ಹತ್ತಿರ ವಿಪೆಹೋಮ್ ಅಂತ ಬುದ್ಧಿಮಾಂದ್ಯರ ಆಸ್ಪತ್ರೆ. 1945ರಿಂದ ಅಲ್ಲಿನ ರೋಗಿಗಳ ಮೇಲೆ ಪ್ರಯೋಗ ಮಾಡಿದರು. ಊಟದ ಜೊತೆ ಸಿಹಿ ತಿಂದವರ ಹಲ್ಲು ಅಷ್ಟೇನೂ ಕೆಡಲಿಲ್ಲ, ಊಟ ಊಟದ ನಡುವೆ ಅಂಟು ಟಾಫಿ ತಿಂದವರ ಹಲ್ಲು ಸಿಕ್ಕಾಪಟ್ಟೆ ಹುಳುಕಾಯ್ತು.

— ಆ ರೋಗಿಗಳು ಒಪ್ಪಿದ್ದರಾ?

— ಇಲ್ಲ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರು ಇರಲೂ ಇಲ್ಲ. ಹಲ್ಲು ಕೆಡಲಿ ಅಂತಲೇ ಟಾಫಿ ಕೊಟ್ಟರು. ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಆ ಪ್ರಯೋಗದ ಗ್ರಾಫ್ ಬರೆಯೋಕೆ ನನಗೆ ಈಗಲೂ ಕೈ ಬರೋದಿಲ್ಲ, ಆದರೆ ಬರೆಯದೆ ವಿಧಿಯಿಲ್ಲ. ಆಮೇಲೆ ಸ್ವೀಡನ್ನಿನಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಅನ್ನೋ ಪದ್ಧತಿ ಬಂತು. ಇವತ್ತಿಗೂ ಇದೆ.

— ಜೇನುತುಪ್ಪ?

— ಒಂದು ವರ್ಷದೊಳಗಿನ ಕೂಸಿಗೆ ನೆಕ್ಕಿಸಲೂಬಾರದು, ಬಾಟ್ಯುಲಿಸಂ ಅನ್ನೋ ಅಪಾಯ ಇದೆ. ದೊಡ್ಡ ಮಕ್ಕಳ ಕೆಮ್ಮಿಗೆ ನಿಜವಾಗಿಯೂ ಒಳ್ಳೆಯದು, ನಾನೇ ಹೇಳ್ತೇನೆ. ಬ್ರಷ್ಷಿಗೆ ಮುಂಚೆ ಕೊಡು.

— ನಿನ್ನದೊಂದೇ ಮಂತ್ರ. ಸರಿ, ನನ್ನ ವಿಷಯಕ್ಕೆ ಬಾ. ನೆಗಡಿಗೆ ಮಾತ್ರೆ ತಗೊಂಡಾಗಿನಿಂದ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ತಾ ಇದೆ. ಬೆಳಿಗ್ಗೆ ಎದ್ದರೆ ನನ್ನ ಬಾಯಿ ನಾತ ನನಗೇ.

— ಮಾತ್ರೆಯಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತೆ. ಸುರಿಯೋ ಮೂಗನ್ನ ಒಣಗಿಸೋ ಔಷಧಿ ಬಾಯನ್ನೂ ಒಣಗಿಸುತ್ತೆ. ನಾತ ಬರೋದು ಅದಕ್ಕೇ. ಮೂಗಿನ ಹಿಂದಿನಿಂದ ಕಫ ಇಳಿದು ನಾಲಿಗೆಯ ಬುಡದಲ್ಲಿ ಕೂರೋದೂ ಒಂದು ಕಾರಣ. ಬ್ರಷ್ಷಿನಿಂದಲೇ ನಾಲಿಗೆಯನ್ನ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಎಳೆ. ನೀರು ಆಗಾಗ ಕುಡಿ. ಉರಿಯೋ ಮೌತ್‌ವಾಶ್ ತರಬೇಡ. ಅದರಲ್ಲಿ ಆಲ್ಕೋಹಾಲ್ ಇದ್ದರೆ ಒಣಗಿದ ಬಾಯಿ ಇನ್ನೂ ಒಣಗುತ್ತೆ.

— ಉಪ್ಪುನೀರು?

— ಬೆಚ್ಚಗಿನ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು. ಗಂಟಲಿಗೆ, ಊದಿದ ವಸಡಿಗೆ ಚೆನ್ನಾಗಿದೆ. ಆದರೆ ಉಪ್ಪುನೀರು ಮುಕ್ಕಳಿಸಿದೆ, ಬ್ರಷ್ ಮಾಡಿದ ಹಾಗೇ ಆಯ್ತು ಅಂತ ಅಣ್ಣ ಹೇಳಿದರೆ ಒಪ್ಪಬೇಡ.

— ನಿನ್ನೆ ಹುಡುಗ ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡ. ತಕ್ಷಣ ಹಲ್ಲುಜ್ಜಿಸಿದೆ. ಅದಾದರೂ ಸರಿಯಾ?

— ಅಯ್ಯೋ, ಉಜ್ಜಿಸಬೇಕಾದ ಹೊತ್ತಿಗೆ ಬಿಟ್ಟು, ಬಿಡಬೇಕಾದ ಹೊತ್ತಿಗೆ ಉಜ್ಜಿಸಿದ್ದೀಯ! ಹೊಟ್ಟೆಯ ಆಮ್ಲ ತಗುಲಿದ ಎನಾಮಲ್ ಸ್ವಲ್ಪ ಹೊತ್ತು ಮೆತ್ತಗಿರುತ್ತೆ, ಆಗ ಬ್ರಷ್ ಹಾಕಿದರೆ ಸವೆಯುತ್ತೆ. ಬರೀ ನೀರಲ್ಲಿ ಮುಕ್ಕಳಿಸಲಿ, ಒಂದು ಚಿಟಿಕೆ ಅಡುಗೆ ಸೋಡಾ ಕದಡಿದರೆ ಇನ್ನೂ ಒಳ್ಳೆಯದು. ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು ಬ್ರಷ್ ಮಾಡಲಿ.

— ನಿನ್ನ ಅಣ್ಣನ ಹಲ್ಲುನೋವು ಕೇಳಿದೆಯಾ? ಮೇಲಿನ ದವಡೆ ಹಲ್ಲು ಕೀಳಿಸಿಬಿಡ್ತೇನೆ ಅಂತ ಹೊರಟಿದ್ದಾರೆ.

— ಯಾವ ಹಲ್ಲು ಅಂತ ಕೇಳಿದರೆ ಮೂರು ಹಲ್ಲು ತೋರಿಸಿದ. ನನಗೆ ಅಲ್ಲೇ ಅನುಮಾನ ಬಂತು. ಕೆನ್ನೆಯ ಎಲುಬಿನೊಳಗೆ ಸೈನಸ್ ಅಂತ ಟೊಳ್ಳು ಇದೆ. ಮೇಲಿನ ದವಡೆ ಹಲ್ಲಿನ ಬೇರುಗಳು ಅದರ ನೆಲಕ್ಕೆ ತಾಗಿಕೊಂಡೇ ಇರುತ್ತವೆ, ಕೆಲವರಲ್ಲಿ ನಡುವೆ ಇರೋದು ಕಾಗದದಷ್ಟು ತೆಳು ಮೂಳೆ. ಶೀತದಲ್ಲಿ ಆ ಟೊಳ್ಳು ಊದಿ ಕಫ ಕಟ್ಟಿಕೊಂಡರೆ ಕೆಳಗಿನ ಹಲ್ಲುಗಳೆಲ್ಲ ಒಟ್ಟಿಗೆ ನೋಯುತ್ತವೆ, ಹಲ್ಲಿಗೆ ಏನೂ ಆಗಿರೋದಿಲ್ಲ. ಕೊಟ್ಟಿಗೆಯಲ್ಲಿ ಹಸುವಿನ ಹಗ್ಗ ಕಟ್ಟೋಕೆ ಬಗ್ಗಿದಾಗ ಹೇಗಿರುತ್ತೆ ಅಂತ ಕೇಳಿದೆ. ‘ಬಗ್ಗಿದರೆ ಪ್ರಾಣ ಹೋಗುತ್ತೆ, ಕೆನ್ನೆಯೆಲ್ಲ ಭಾರ’ ಅಂದ. ಮೆಟ್ಟಿಲು ಇಳಿಯುವಾಗಲೂ ಬಡಿಯುತ್ತಂತೆ. ತಣ್ಣೀರು ಕುಡಿದರೆ ವಿಶೇಷ ನೋವಿಲ್ಲ. ಇದು ಸೈನಸ್ಸಿನ ಲಕ್ಷಣ.

— ನಿಜವಾದ ಹಲ್ಲುನೋವು ಹೇಗಿರುತ್ತೆ?

— ಸಾಮಾನ್ಯವಾಗಿ ಒಂದೇ ಹಲ್ಲು, ಬೆರಳಿಟ್ಟು ತೋರಿಸಬಹುದು. ತಣ್ಣನೆಯದು, ಬಿಸಿಯದು ತಾಗಿದರೆ ಜುಮ್ಮೆಂದು ಹಿಡಿದು ಬೇಗ ಬಿಡೋದಿಲ್ಲ. ಕಚ್ಚಿದರೆ ಅದೇ ಜಾಗಕ್ಕೆ ಚುಚ್ಚುತ್ತೆ. ಇದರ ಉಲ್ಟಾ ಕೂಡ ಇದೆ ಅತ್ತಿಗೆ. ಒಂದೇ ಕಡೆಯ ಮೂಗು ತಿಂಗಳುಗಟ್ಟಲೆ ಸುರಿದು, ಅದಕ್ಕೆ ಕೆಟ್ಟ ವಾಸನೆ ಇದ್ದರೆ, ಮೇಲಿನ ಹಲ್ಲೊಂದು ಕೊಳೆತು ಅದರ ಕೀವು ಸೈನಸ್ಸಿಗೆ ಹೋಗ್ತಾ ಇರಬಹುದು. ಅಂಥವರು ನೆಗಡಿಗೆ ಔಷಧಿ ತಗೊಳ್ತಾನೇ ಇರ್ತಾರೆ, ಹಲ್ಲು ನೋಡೋರು ಯಾರೂ ಇಲ್ಲ. ಅಣ್ಣನಿಗೆ ಹೇಳು, ನೆಗಡಿ ಇಳಿಯೋವರೆಗೆ ಹಲ್ಲು ಕೀಳಿಸೋ ಮಾತು ಬೇಡ. ಆಮೇಲೂ ನೋವಿದ್ದರೆ ಎಕ್ಸ್‌ರೇ ತೆಗೆಸೋಣ.

— ಲವಂಗದೆಣ್ಣೆ ಹಚ್ಚಿದ್ದೇನೆ ನಾನು. ತಪ್ಪಾ?

— ತಪ್ಪಿಲ್ಲ ಅಮ್ಮ, ಯೂಜಿನಾಲ್ ಅಂತ ಅದರಲ್ಲಿರೋದನ್ನ ನಾವೂ ಕ್ಲಿನಿಕ್ಕಿನಲ್ಲಿ ಬಳಸ್ತೇವೆ. ಹತ್ತಿಗೆ ಒಂದು ಹನಿ, ಹಲ್ಲಿನ ಮೇಲೆ ಮಾತ್ರ. ವಸಡಿಗೆ ಸುರಿದರೆ ಸುಡುತ್ತೆ. ಆಸ್ಪಿರಿನ್ ಮಾತ್ರೆಯನ್ನ ಪುಡಿ ಮಾಡಿ ಹಲ್ಲಿನ ಬುಡಕ್ಕೆ ತುಂಬ್ತಾರಲ್ಲ, ಅದಂತೂ ಬೇಡವೇ ಬೇಡ. ವಸಡು ಬಿಳಚಿಕೊಂಡು ಸಿಪ್ಪೆ ಏಳುತ್ತೆ.

— ಅತ್ತೆಗೆ ಮಾತಾಡೋಕೆ ಬಿಟ್ಟರೆ ಬೆಳಗಾಗುತ್ತೆ. ನನಗೆ ಇದು ಹೇಳು, ಎಲ್ಲರಿಗೂ ಜ್ವರ ಬಿಟ್ಟ ಮೇಲೆ ಎಲ್ಲರ ಬ್ರಷ್ಷೂ ಬಿಸಾಡಬೇಕು ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಹೌದಾ?

— ಬ್ರಷ್ ಮಾರುವವರಿಗೆ ಒಳ್ಳೆಯ ಸಲಹೆ. ಬಂದುಹೋದ ವೈರಸ್ಸಿಗೆ ನಿನ್ನ ಮೈಯಲ್ಲಿ ಆಗಲೇ ಪ್ರತಿರೋಧ ತಯಾರಾಗಿರುತ್ತೆ. ನಿನ್ನದೇ ಬ್ರಷ್ಷಿನಿಂದ ನಿನಗೆ ಅದೇ ನೆಗಡಿ ಮತ್ತೆ ಬರುವ ಭಯ ಇಲ್ಲ. ಮೂರು ನಾಲ್ಕು ತಿಂಗಳಾಗಿದ್ದರೆ, ಇಲ್ಲಾ ಎಳೆ ಬಾಗಿದ್ದರೆ ಹೇಗೂ ಬದಲಾಯಿಸಬೇಕು. ನಾನು ಹೆದರೋದು ಬಚ್ಚಲಿನ ಕಿಟಕಿಯ ಮೇಲಿರೋ ಆ ಸ್ಟೀಲ್ ಲೋಟಕ್ಕೆ. ಆರು ಬ್ರಷ್ಷು ತಲೆಗೆ ತಲೆ ಒತ್ತಿಕೊಂಡು ನಿಂತಿವೆ, ತಳದಲ್ಲಿ ಒಂದು ಬೆರಳು ನೀರು. ಹುಡುಗನ ಬ್ರಷ್ಷಿನಿಂದ ಅಮ್ಮನ ಬ್ರಷ್ಷಿಗೆ ದಾರಿ ಅಲ್ಲೇ ಇದೆ. ಪೇಸ್ಟಿನ ಟ್ಯೂಬೂ ಹಾಗೇ. ಕಾಯಿಲೆಯವನು ಟ್ಯೂಬಿನ ಬಾಯಿಗೆ ಬ್ರಷ್ ಒರೆಸಿ ಪೇಸ್ಟ್ ತಗೊಂಡರೆ ಮನೆಮಂದಿಗೆಲ್ಲ ಹಂಚಿದ ಹಾಗೆ.

— ಈ ಮಳೆಯಲ್ಲಿ ಬಚ್ಚಲಲ್ಲಿ ಏನು ಒಣಗುತ್ತೆ ಹೇಳು? ಟವೆಲ್ಲೇ ಒಣಗೋದಿಲ್ಲ.

— ಬಚ್ಚಲೊಲೆಯ ಮೇಲಿನ ಗೋಡೆಗೆ ಒಂದು ಪಟ್ಟಿ ಹೊಡೆದು ದೂರದೂರಕ್ಕೆ ಸಿಗಿಸು. ಶಾಖ ತಾಗದಷ್ಟು ಎತ್ತರಕ್ಕೆ. ಪ್ಲಾಸ್ಟಿಕ್ ಟೊಪ್ಪಿ ಹಾಕಬೇಡ, ಒಳಗೆ ಬೆವರುತ್ತೆ. ಕಾಯಿಲೆಯವನದು ಬೇರೆ ಕಡೆ ಇರಲಿ.

— ಇನ್ನು ಈ ಪೇಸ್ಟು. ಫ್ಲೋರೈಡ್ ಇರೋದು ಬೇಡ ಅಂತ ನನ್ನ ತಂಗಿ ಹೇಳ್ತಾಳೆ. ಅವಳನ್ನ ಕೊಟ್ಟ ಮನೆ ಪಾವಗಡ, ಅಲ್ಲಿ ಮಕ್ಕಳ ಹಲ್ಲೆಲ್ಲ ಕಂದು.

— ಅವಳ ಭಯ ಸುಳ್ಳಲ್ಲ. ಪಾವಗಡ, ಬಾಗೇಪಲ್ಲಿ ಕಡೆ ಕೊಳವೆಬಾವಿಯ ನೀರಲ್ಲೇ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಹಲ್ಲು ಒಸಡಿನೊಳಗೆ ತಯಾರಾಗುವ ವಯಸ್ಸಿನಲ್ಲಿ ಅಂಥ ನೀರನ್ನ ವರ್ಷಗಟ್ಟಲೆ ಕುಡಿದರೆ ಕಲೆ ಬೀಳುತ್ತೆ. ಪೇಸ್ಟು ಕುಡಿಯೋದಲ್ಲ, ಉಗಿಯೋದು. ಚಿಕ್ಕವಳಿಗೆ ಅಕ್ಕಿಕಾಳಿನಷ್ಟು, ದೊಡ್ಡವನಿಗೆ ಬಟಾಣಿಯಷ್ಟು. ಉಗಿದ ಮೇಲೆ ಚೆಂಬುಗಟ್ಟಲೆ ನೀರಲ್ಲಿ ಮುಕ್ಕಳಿಸಿದರೆ ಫ್ಲೋರೈಡ್ ಚರಂಡಿಗೆ ಹೋಗುತ್ತೆ. ಉಗಿದರೆ ಸಾಕು.

— ಮಾವನ ಇನ್ಹೇಲರ್ ಬಗ್ಗೆ ಏನೋ ಹೇಳ್ತೇನೆ ಅಂದಿದ್ದೆ.

— ಮಳೆಗಾಲ ಬಂದರೆ ಅಪ್ಪನಿಗೆ ಉಬ್ಬಸ, ಇನ್ಹೇಲರ್ ಬಿಡೋಕಾಗೋದಿಲ್ಲ. ಅದು ಸ್ಟೀರಾಯ್ಡ್. ಎಳೆದುಕೊಂಡ ಕೂಡಲೇ ಬಾಯಿ ಮುಕ್ಕಳಿಸಿ ಉಗಿಯದಿದ್ದರೆ ನಾಲಿಗೆ, ಅಂಗುಳದ ಮೇಲೆ ಮೊಸರು ಒಡೆದಂಥ ಬಿಳಿ ಪದರ ಬರುತ್ತೆ. ಫಂಗಸ್. ಹಾಗಾದಾಗ ಬ್ರಷ್ ಬದಲಾಯಿಸಲೇಬೇಕು. ಆದರೆ ಅಪ್ಪನ ವಿಷಯದಲ್ಲಿ ನನ್ನ ಚಿಂತೆ ಸೆಟ್ಟಿನದು. ಜ್ವರ ಬಂದಾಗಿನಿಂದ ಅವರು ಹಲ್ಲಿನ ಸೆಟ್ಟು ತೆಗೆದೇ ಇಲ್ಲ.

— ಯಾರಾದರೂ ನೋಡೋಕೆ ಬಂದರೆ ಬೊಚ್ಚು ಬಾಯಿ ಕಾಣುತ್ತೆ ಅಂತ ಅವರಿಗೆ ನಾಚಿಕೆ. ಮಲಗಿದಾಗಲೂ ಅದು ಬಾಯಲ್ಲೇ ಇರುತ್ತೆ. ನಾನು ಹೇಳಿ ಹೇಳಿ ಸಾಕಾಯ್ತು. ಹಲ್ಲಿಲ್ಲದ ಬಾಯಿಗೆ ಅದೇನು ಅಪಾಯ, ಇದ್ದರೆ ಇರಲಿ ಬಿಡು ಅಂದುಬಿಟ್ಟೆ.

— ಇಡೀ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯ ಆ ಬಾಯಿಗೇ ಅಮ್ಮ. ಮಗನಿಗೆ ಒಂದು ಹಲ್ಲು ಹುಳುಕಾದರೆ ತುಂಬಿಸ್ತೇನೆ. ಮುದುಕರಲ್ಲಿ ಬಾಯಿಯ ಕೊಳೆ ನಿದ್ದೆಯಲ್ಲಿ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತೆ. ಮಲಗಿದಲ್ಲೇ ಇರುವಾಗ, ಕೆಮ್ಮೋ ಶಕ್ತಿ ಕಡಿಮೆ ಇರುವಾಗ ಅದು ನ್ಯುಮೋನಿಯಾ ಆಗೋಕೆ ತಡ ಇಲ್ಲ. ಜಪಾನಿನವರು ಇದನ್ನ ನೋಡಿದ್ದಾರೆ. 11 ವೃದ್ಧಾಶ್ರಮಗಳು, 417 ಜನ. ಅರ್ಧ ಜನಕ್ಕೆ ಪ್ರತಿ ಊಟದ ನಂತರ ಆರೈಕೆಯವರೇ ಬಾಯಿ ಸ್ವಚ್ಛ ಮಾಡಿದರು, ಉಳಿದವರನ್ನ ಎಂದಿನ ಹಾಗೇ ಬಿಟ್ಟರು. ಎರಡು ವರ್ಷದಲ್ಲಿ ಬಿಟ್ಟವರಲ್ಲಿ ನೂರಕ್ಕೆ 19 ಜನಕ್ಕೆ ನ್ಯುಮೋನಿಯಾ, ಸ್ವಚ್ಛ ಮಾಡಿದವರಲ್ಲಿ 11 ಜನಕ್ಕೆ. 2002ರಲ್ಲಿ ಪ್ರಕಟವಾದದ್ದು. ಹಲ್ಲಿದ್ದವರಿಗೂ ಇಲ್ಲದವರಿಗೂ ಪ್ರಯೋಜನ ಕಂಡಿತು.

— ಹಲ್ಲೇ ಇಲ್ಲದವರಿಗೂ?

— ಹೌದು. ಅಲ್ಲಿಯದೇ ಇನ್ನೊಂದು ಅಧ್ಯಯನ, 2015ರದು. 85 ದಾಟಿದ 524 ಜನರನ್ನ ನೋಡಿದರು. ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗಿಂತ ಹೆಚ್ಚು. ಸೆಟ್ಟಿನ ಒಳಮೈಯನ್ನ ಬೆಳಕಿಗೆ ಹಿಡಿದು ನೋಡಿದ್ದೀಯಾ ಅತ್ತಿಗೆ? ನಾನು ಬೆಳಿಗ್ಗೆ ಅವರನ್ನ ಒಪ್ಪಿಸಿ ತೆಗೆಸಿದೆ. ಅಂಗುಳಕ್ಕೆ ಕೂರೋ ಗುಲಾಬಿ ಜಾಗದಲ್ಲಿ ಬೂದು ಬಣ್ಣದ ಲೋಳೆ, ಉಗುರಿನಲ್ಲಿ ಕೆರೆದರೆ ಸುರುಳಿಯಾಗಿ ಬಂತು. ಅವರ ಅಂಗುಳ ಅದೇ ಆಕಾರಕ್ಕೆ ಕೆಂಪಾಗಿದೆ.

— ಅಯ್ಯೋ. ಕುದಿಯೋ ನೀರಲ್ಲಿ ಹಾಕಿಡಲಾ?

— ಸೊಟ್ಟಗಾಗುತ್ತೆ, ಆಮೇಲೆ ಕೂರೋದೇ ಇಲ್ಲ! ತಣ್ಣೀರು. ರಾತ್ರಿ ತೆಗೆದು, ಮೆತ್ತನೆ ಬ್ರಷ್ಷಿಗೆ ಪಾತ್ರೆ ಸೋಪು ಸ್ವಲ್ಪ ಹಾಕಿ ಉಜ್ಜು, ಪೇಸ್ಟ್ ಬೇಡ, ಗೀರು ಬೀಳುತ್ತೆ. ಆಮೇಲೆ ಮುಚ್ಚಳದ ಡಬ್ಬದಲ್ಲಿ ನೀರಲ್ಲಿ ಮುಳುಗಿಸಿಡು. ಅವರ ವಸಡು, ನಾಲಿಗೆಯನ್ನ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಮಲಗಿಸಿ ಅಲ್ಲ, ಕೂರಿಸಿ. ನೆಂಟರು ಬಂದರೆ ಎರಡು ನಿಮಿಷ ಹೊರಗೆ ಕೂರಿಸು, ಅಷ್ಟರಲ್ಲಿ ಸೆಟ್ಟು ಹಾಕಿಕೊಳ್ತಾರೆ. ಅವರ ಮರ್ಯಾದೆಯೂ ಉಳಿಯಲಿ.

— ಅದನ್ನ ನಾನು ನೋಡ್ಕೊಳ್ತೇನೆ. ನನ್ನ ತುಟಿಯ ಮೇಲಿನ ಈ ಗುಳ್ಳೆ ನೋಡೇ. ಜೇಡ ಓಡಾಡಿದೆ ಅಂತ ನಾನು.

— ಜೇಡ ಅಲ್ಲಮ್ಮ, ಹರ್ಪಿಸ್ ವೈರಸ್ಸು. ಒಳಗೆ ಮಲಗಿದ್ದದ್ದು ಜ್ವರ ಬಂದಾಗ ಎದ್ದಿದೆ. ತಾನೇ ಒಣಗುತ್ತೆ. ಒಣಗುವವರೆಗೆ ಚಿಕ್ಕವಳನ್ನ ಮುದ್ದಿಸಬೇಡ, ನಿನ್ನ ಟವೆಲ್ ಬೇರೆ ಇರಲಿ.

— ಮುದ್ದಿಸದೆ ಹೇಗಿರೋದು?

— ಕೆನ್ನೆ ಚಿವುಟು. ಕೈ ತೊಳೆದು.

— ನನಗೆ ಶುಕ್ರವಾರ ಹಲ್ಲು ಕ್ಲೀನಿಂಗಿಗೆ ಪೇಟೆಯಲ್ಲಿ ಅಪಾಯಿಂಟ್‌ಮೆಂಟ್ ಇದೆ. ಕೆಮ್ಮು ಇನ್ನೂ ಹೋಗಿಲ್ಲ. ದುಡ್ಡು ಕೊಟ್ಟಾಗಿದೆ, ಮಾಸ್ಕ್ ಹಾಕಿಕೊಂಡು ಹೋಗಿಬರಲಾ?

— ಬಾಯಿ ತೆರೆದು ಕೂತ ಮೇಲೆ ಮಾಸ್ಕ್ ಎಲ್ಲಿ ಹಾಕ್ತೀಯ? ಹಲ್ಲು ಕ್ಲೀನ್ ಮಾಡೋ ಯಂತ್ರದಿಂದ ಏಳೋ ತುಂತುರು ರೂಮೆಲ್ಲ ಹರಡುತ್ತೆ. ನಿನಗೂ ಮಲಗಿಕೊಂಡು ಕಟ್ಟಿದ ಮೂಗಲ್ಲಿ ಉಸಿರಾಡೋಕಾಗೋದಿಲ್ಲ. ಮುಂದಕ್ಕೆ ಹಾಕಿಸು. ಕೆನ್ನೆ ಊದಿದ್ದರೆ, ಬಾಯಿ ತೆರೆಯೋಕೆ ಆಗದಿದ್ದರೆ, ನುಂಗೋಕೆ ಉಸಿರಾಡೋಕೆ ಕಷ್ಟ ಆದರೆ ಮಾತು ಬೇರೆ. ಆಗ ನೆಗಡಿ ಇದೆ ಅಂತ ಒಂದು ಗಂಟೆಯೂ ಕಾಯೋ ಹಾಗಿಲ್ಲ, ಮೊದಲೇ ಫೋನ್ ಮಾಡಿ ಹೇಳಿ ಆಸ್ಪತ್ರೆಗೆ ಹೋಗಲೇಬೇಕು.

— ಊದಿಲ್ಲ, ಏನಿಲ್ಲ. ಮುಂದಕ್ಕೆ ಹಾಕಿದರೆ ದುಡ್ಡು ವಾಪಸ್ ಕೇಳಿದೆ ಅಂದುಕೊಳ್ತಾರೇನೋ. ನೀನೇ ಫೋನ್ ಮಾಡಿಬಿಡು, ಆ ಡಾಕ್ಟರು ನಿನ್ನ ಕ್ಲಾಸ್‌ಮೇಟೇ ತಾನೆ?

— ನಂಬರ್ ಕೊಡು. ಮುಂದಿನ ಶುಕ್ರವಾರ ಅಂತ ಹೇಳಲಾ, ಅಥವಾ ಚೌತಿ ಮುಗಿದ ಮೇಲಾ?